ಎದುರು ತಾರಸಿಯ ಟೊಮ್ಯಾಟೊ

ಇನ್ಮೇಲೆ ಯಾರ ಮೇಲೂ ಹೊಟ್ಟೆಕಿಚ್ಚು ಪಡಬಾರದು ಅಂತ ಪ್ರತಿ ಯುಗಾದಿಗೂ ತೀರ್ಮಾನ ಮಾಡ್ತೀನಿ. ಆದರೆ ಎದುರು ಮನೆ ತಾರಸಿ ನಮ್ಮದಕ್ಕಿಂತ ಒಂದು ಮಹಡಿ ಕೆಳಗಿದೆ. ಬಟ್ಟೆ ಒಣಹಾಕೋಕೆ ಹೋದರೆ ಕಣ್ಣು ತಾನಾಗೇ ಅಲ್ಲಿಗೆ ಬೀಳುತ್ತೆ. ಬಟ್ಟೆ ದಿನಾ ಒಣಗಬೇಕಲ್ಲ, ಅದಕ್ಕೇ ಹೊಟ್ಟೆಕಿಚ್ಚೂ ಆಗ್ತಾನೇ ಇರುತ್ತೆ.

ನಾನು ಬನಶಂಕರಿಯ ಒಂದು ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಟೀಚರ್. ಮನೆ ಗಿರಿನಗರದಲ್ಲಿ. ಎದುರು ಮನೆಯಲ್ಲಿರೋದು ಅರವತ್ತು ದಾಟಿದ ಒಬ್ಬ ಅಕ್ಕ. ಲೇಔಟ್ ಆಗೋಕೆ ಮುಂಚೆ ಇಲ್ಲೆಲ್ಲ ಅವರದ್ದೇ ಹೊಲ ಇತ್ತಂತೆ. ಈಗ ಹೊಲದ ಮೇಲೆ ಮನೆ ಬಂದಿದೆ, ಮನೆ ಮೇಲೆ ಹಳೇ ಪೇಂಟ್ ಬಕೆಟ್‌ಗಳಲ್ಲಿ ಹೊಲ ಬಂದಿದೆ. ಅದರಲ್ಲಿ ಟೊಮ್ಯಾಟೊ. ನೋಡೋಕೆ ಸೊಟ್ಟ, ಮೈಮೇಲೆಲ್ಲ ಗೀರು. ನೋಡಿದವರು ಯಾರೂ ಹೊಟ್ಟೆ ಉರ್ಕೊಳ್ಳಲ್ಲ. ತಿಂದವರು ಮಾತ್ರ.

ಒಂದು ಬಟ್ಟಲು ಸಾರು

ಒಂದು ಭಾನುವಾರ ಅಕ್ಕ ಟೊಮ್ಯಾಟೊ ಸಾರು ಕಳಿಸಿದರು. ನಮ್ಮನೆಯವರು ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ನನ್ನ ಅಡುಗೆ ಬಗ್ಗೆ ಹೇಳಿರೋ ಅತಿ ದೊಡ್ಡ ಮಾತು "ಉಪ್ಪು ಸರಿಯಾಗಿದೆ." ಅಂಥವರು ಆ ಸಾರು ಸುರ್ರಂತ ಕುಡಿದು ಕಣ್ಣು ಮುಚ್ಚಿಕೊಂಡರು. ಏನಾಯ್ತೋ ಅಂತ ನಾನು ನೀರು ತಂದೆ.

ಸಂಜೆ ಬಟ್ಟಲು ವಾಪಸ್ ಕೊಡೋ ನೆಪದಲ್ಲಿ ಹೋಗಿ, "ಅಕ್ಕ, ಸಾರಿಗೆ ಏನು ಹಾಕಿದ್ರಿ?" ಅಂದೆ.

"ಟೊಮ್ಯಾಟೊ ಕಣಮ್ಮ."

"ಅದು ನಾನೂ ಹಾಕ್ತೀನಿ."

"ಅಯ್ಯೋ, ನೀವು ಹಾಕೋದು ಅಂಗಡಿದು. ನೋಡೋಕೆ ಚೆನ್ನಾಗಿರ್ತದೆ, ಬಾಯಿಗೆ ಏನೂ ಇರಲ್ಲ" ಅಂದರು ಅಕ್ಕ. ನನ್ನ ಜೊತೆ ಬಂದಿದ್ದ ನಮ್ಮನೆಯವರು "ಕರೆಕ್ಟಾಗಿ ಹೇಳಿದ್ರಿ" ಅಂತ ನನ್ನ ಕಡೆ ನೋಡಿದರು. ಟೊಮ್ಯಾಟೊ ಬಗ್ಗೆ ಹೇಳಿದ್ದೋ, ನನ್ನ ಬಗ್ಗೆ ಹೇಳಿದ್ದೋ, ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಏಳು ಜಾತಿ

ಒಂದು ಜಾತಿ ಬೆಳೆಯೋರ ಮುಂದೆ ಗೆಲ್ಲಬೇಕಾದರೆ ಏಳು ಜಾತಿ ಬೆಳೀಬೇಕು ಅಂತ ತೀರ್ಮಾನಿಸಿದೆ. ರುಚಿಗೆ ಹೆಸರಾದವು ಯಾವುವು ಅಂತ ವಾರಗಟ್ಟಲೆ ಫೋನಲ್ಲಿ ಓದಿ, ಬೀಜ ತರಿಸಿದೆ. ಸಿಹಿಗೆ ಚೆರ್ರಿ, ಸಾರಿಗೆ ನಾಟಿ, ಗೊಜ್ಜಿಗೆ ಉದ್ದದ್ದು, ಹಳದಿ ಒಂದು, ಗುಲಾಬಿ ಒಂದು, ಹಣ್ಣಾದರೂ ಹಸಿರಾಗೇ ಇರೋದು ಒಂದು, ಕಪ್ಪು ಒಂದು. ಏಳು ಕುಂಡ, ಏಳು ಐಸ್‌ಕ್ರೀಂ ಕಡ್ಡಿ, ಕಡ್ಡಿ ಮೇಲೆ ಸ್ಕೆಚ್ ಪೆನ್ನಲ್ಲಿ ಹೆಸರು.

ಮೂರನೇ ದಿನಕ್ಕೆ ಜೋರು ಮಳೆ ಬಂತು. ಬೆಳಿಗ್ಗೆ ನೋಡಿದರೆ ಏಳು ಕಡ್ಡಿಯೂ ತೊಳೆದಿಟ್ಟ ಹಾಗೆ ಬೆಳ್ಳಗಿದ್ದವು. ಮೊಳಕೆ ಬಂದ ಮೇಲೂ ಏಳೂ ಒಂದೇ ಥರ ಕಾಣ್ತಿದ್ದವು. ಎದುರು ತಾರಸಿಯಿಂದ ಅಕ್ಕ ತಲೆ ಎತ್ತಿ, "ಟೀಚರಮ್ಮ, ಯಾವ್ಯಾವ ಜಾತಿ ಹಾಕಿದೀರಾ?" ಅಂತ ಕೂಗಿದರು.

"ಎಲ್ಲಾ ಇದೆ ಅಕ್ಕ!"

"ಅದ್ಯಾವ್ದು, ಆ ಮೂಲೇಲಿರೋದು?"

"ಅದೂ ಇದೆ!" ಅಂತ ಹೇಳಿ ಒಳಗೆ ಓಡಿ ಬಂದೆ. ನಮ್ಮನೆಯವರು ಪೇಪರಿನಿಂದ ತಲೆ ಎತ್ತಲಿಲ್ಲ. "ಚಿತ್ರದಲ್ಲಿ ಭಾಗಗಳನ್ನ ಗುರುತಿಸದೇ ಇದ್ರೆ ನೀನು ಮಕ್ಕಳಿಗೆ ಎಷ್ಟು ಮಾರ್ಕ್ಸ್ ಕಟ್ ಮಾಡ್ತೀಯ?" ಅಂದರು.

ಹಸಿರು ಮತ್ತು ಕಪ್ಪು

ಮಳೆ, ಹುಳ, ಅಳಿಲು ಎಲ್ಲವನ್ನೂ ದಾಟಿ ಉಳಿದದ್ದು ಎರಡು ಗಿಡ. ಒಂದರಲ್ಲಿ ದಪ್ಪ ದಪ್ಪ ಕಾಯಿ ಬಿಟ್ಟವು. ಕೆಂಪಾಗಲಿ ಅಂತ ಕಾದೆ. ವಾರ ಆಯ್ತು, ಎರಡು ವಾರ ಆಯ್ತು. ಕೊನೆಗೆ ಅವು ಹಸಿರಾಗೇ ಮೆತ್ತಗಾಗಿ, ಒಂದೊಂದಾಗಿ ನೆಲಕ್ಕೆ ಬಿದ್ದು ಒಡೆದವು. ಹಣ್ಣಾದರೂ ಹಸಿರಾಗಿರೋ ಜಾತಿ ಅದೇ ಅಂತ ಕೊನೇ ಹಣ್ಣು ಬಿದ್ದ ಮೇಲೆ ಹೊಳೀತು.

ಸರಿ, ಈ ಸಲ ಬುದ್ಧಿ ಬಂತು ಅಂತ ಇನ್ನೊಂದು ಗಿಡದ ಮೇಲೆ ಕಣ್ಣಿಟ್ಟೆ. ಅದರಲ್ಲಿ ಒಂದೇ ಹಣ್ಣು. ದಿನೇ ದಿನೇ ಕಪ್ಪಾಗ್ತಾ ಬಂತು. ರುಚಿಯಲ್ಲಿ ಇದನ್ನ ಮೀರಿಸೋದು ಇನ್ನೊಂದಿಲ್ಲ ಅಂತ ಓದಿದ್ದೆ. ಭಾನುವಾರ ಕೊಯ್ದು, ಅರ್ಧ ನಾವು ತಿಂದು, ಇನ್ನರ್ಧ ಅಕ್ಕನಿಗೆ ಕೊಟ್ಟು, ಅವರ ಮುಖ ನೋಡಬೇಕು ಅಂತ ಪ್ಲಾನು. ಅದೇ ಸಂಭ್ರಮದಲ್ಲಿ ಶುಕ್ರವಾರ ತಂಗಿ ಮನೆಗೆ ಮೈಸೂರಿಗೆ ಹೋದೆವು. ಎರಡು ದಿನ ನೀರು ಹಾಕೋಕೆ ಅಕ್ಕನಿಗೇ ಹೇಳಿದ್ದೆ.

ವಾಪಸ್ ಬಂದಾಗ ಗಿಡ ನಳನಳಿಸ್ತಿತ್ತು. ಹಣ್ಣು ಇರಲಿಲ್ಲ.

"ಒಂದು ಕೊಳ್ತೋಗಿತ್ತು ಟೀಚರಮ್ಮ, ಕಪ್ಪಿಟ್ಟಿತ್ತು. ರೋಗ ಗಿಡಕ್ಕೆಲ್ಲ ಹರಡೀತು ಅಂತ ಕಿತ್ತು ಕಸದ ಗಾಡಿಗೆ ಹಾಕ್ಬಿಟ್ಟೆ" ಅಂದರು ಅಕ್ಕ. "ತುಂಬಾ ಉಪಕಾರ ಆಯ್ತು" ಅಂದೆ. "ಉಪಕಾರ ಏನು ಬಂತು, ಇನ್ನೊಂದು ಸಲ ಊರಿಗೆ ಹೋದಾಗಲೂ ಹೇಳಿ" ಅಂದರು.

ಅಕ್ಕಿ ತೊಳೆದ ನೀರು

ಎರಡನೇ ಬೆಳೆಗೆ ಮಾನ ಬಿಟ್ಟು ಅಕ್ಕನ ಹತ್ತಿರವೇ ನಾಟಿ ಬೀಜ ಕೇಳಿದೆ. ಒಂದು ಕ್ಷಣವೂ ಯೋಚನೆ ಮಾಡದೆ ಕಾಗದದಲ್ಲಿ ಕಟ್ಟಿ ಕೊಟ್ಟರು. ಅಷ್ಟು ಸಲೀಸಾಗಿ ಕೊಟ್ಟಿದ್ದೇ ನನಗೆ ಅನುಮಾನ. ಬೀಜ ಕೊಡ್ತಾರೆ ಅಂದ್ರೆ ಗುಟ್ಟು ಬೇರೆಲ್ಲೋ ಇದೆ! ನಾಲ್ಕು ದಿನ ಕಾದು, ಬೆಳಿಗ್ಗೆ ಅವರು ಬಕೆಟ್‌ಗಳಿಗೆ ಏನೋ ಬೆಳ್ಳಗಿರೋದು ಹುಯ್ಯೋದು ಕಂಡುಹಿಡಿದೆ. ಕೇಳಿದರೆ, "ಅಕ್ಕಿ ತೊಳೆದ ನೀರು ಕಣಮ್ಮ, ಚೂರು ಹಾಕ್ತೀನಿ. ಹಣ್ಣು ಬಣ್ಣ ತಿರುಗೋವಾಗ ಮಾತ್ರ ನೀರು ಕಮ್ಮಿ ಮಾಡಿ, ಇಲ್ಲಾಂದ್ರೆ ಸಪ್ಪೆ ಆಗ್ತದೆ" ಅಂದರು.

ನೀರು ಕಮ್ಮಿ ಮಾಡಬೇಕಂತೆ! ನನ್ನ ದಾರಿ ತಪ್ಪಿಸೋಕೆ ಹೇಳಿದ್ದು ಅಂತ ನಾನು ಅಕ್ಕಿ ತೊಳೆದ ನೀರನ್ನೇ ಎರಡರಷ್ಟು ಹಾಕಿದೆ. ಅಷ್ಟು ನೀರು ಬೇಕಾದರೆ ಅಷ್ಟು ಅಕ್ಕಿ ತೊಳೀಬೇಕಲ್ಲ? ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ, ರಾತ್ರಿ ಬಿಸಿಬೇಳೆಬಾತ್. ಮುದ್ದೆ, ಚಪಾತಿ ಎರಡೂ ನಿಂತವು. ಮೂರು ತಿಂಗಳಾದ ಮೇಲೆ ನಮ್ಮನೆಯವರು ರಕ್ತ ಪರೀಕ್ಷೆ ರಿಪೋರ್ಟ್ ಹಿಡಿದು ಬಂದು ನನ್ನ ಮುಂದಿಟ್ಟರು.

"ನಿನ್ನ ಟೊಮ್ಯಾಟೊಗೆ ಸಿಹಿ ಬಂತೋ ಇಲ್ವೋ ಗೊತ್ತಿಲ್ಲ ಕಣೇ. ನನಗಂತೂ ಬಂತು."

ತೀರ್ಪು

ಅದೇ ತಿಂಗಳು ನಮ್ಮ ಲೇಔಟಿನ ಸಂಘದವರು ಪಾರ್ಕಿನಲ್ಲಿ ಟೊಮ್ಯಾಟೊ ರುಚಿ ಸ್ಪರ್ಧೆ ಇಟ್ಟರು. ತಾರಸಿಯಲ್ಲಿ ಬೆಳೆದದ್ದು ಮಾತ್ರ ತರಬೇಕು. ಅಧ್ಯಕ್ಷರು ಮನೆಗೇ ಬಂದು, "ಮೇಡಂ, ನೀವು ಬಯಾಲಜಿ. ನೀವೇ ಜಡ್ಜ್" ಅಂದರು.

"ನಮ್ಮ ತಾರಸಿ ಹಣ್ಣನ್ನ ನಮ್ಮನೆಯವರೂ ಇಡ್ತಿದಾರಲ್ಲ ಸಾರ್?"

"ಇಡ್ಲಿ ಬಿಡಿ. ತಟ್ಟೆ ಮೇಲೆ ನಂಬರ್ ಇರುತ್ತೆ, ಹೆಸರಿರಲ್ಲ."

ಹೆಸರು ಯಾಕೆ ಬೇಕು? ನನ್ನ ಹಣ್ಣು ನನಗೆ ಗೊತ್ತಾಗಲ್ವಾ? ಅಕ್ಕನದು ಗೊತ್ತಾಗಲ್ವಾ? ಆ ಒಂದು ವಾರ ನಾನು ನಿದ್ದೆಯಲ್ಲೂ ನಗ್ತಿದ್ದೆನಂತೆ.

ಐದು ತಟ್ಟೆ ಇತ್ತು. ಒಂದನೇದು ಸುಮಾರು. ಎರಡನೇದು ಬಾಯಿಗಿಟ್ಟ ತಕ್ಷಣ ಹುಳಿ, ಹಿಂದೆಯೇ ಸಿಹಿ, ನುಂಗಿದ ಮೇಲೂ ಘಮ. ಅಬ್ಬಾ, ಮೂರು ತಿಂಗಳ ಕಷ್ಟ ಸಾರ್ಥಕ ಆಯ್ತು ಅಂತ ಕಣ್ಣಲ್ಲಿ ನೀರು ಬಂತು. ಹತ್ತಕ್ಕೆ ಹತ್ತು. ಮೂರನೇದು ಪರವಾಗಿಲ್ಲ. ನಾಲ್ಕನೇದು ಬರೀ ನೀರು, ಸಪ್ಪೆ. ಅಕ್ಕ ಹಿಂದಿನ ವಾರ ಮೊಮ್ಮಗಳ ನಾಮಕರಣದಲ್ಲಿ ಓಡಾಡ್ತಿದ್ದದ್ದು ನೆನಪಾಯ್ತು. ಗಿಡ ನೋಡ್ಕೊಳ್ಳೋಕೆ ಪುರಸೊತ್ತಾಗದೆ ಮಾರ್ಕೆಟ್ಟಿಂದ ತಂದಿಟ್ಟಿದಾರೆ! ಐದನೇದನ್ನ ತಿಂದೆನೋ ಇಲ್ಲವೋ ನೆನಪಿಲ್ಲ. ಮೈಕ್ ಕೈಗೆ ತಗೊಂಡಾಗಿತ್ತು.

"ನಾಲ್ಕನೇ ತಟ್ಟೆ ಮನೆಯಲ್ಲಿ ಬೆಳೆದದ್ದೇ ಅಲ್ಲ. ದಪ್ಪ ತೊಗಲು, ರುಚಿ ಸೊನ್ನೆ. ಲಾರಿಯಲ್ಲಿ ಬರೋಕೆ ಅಂತಲೇ ಬೆಳೆಯೋ ಹೈಬ್ರಿಡ್. ಇಂಥ ಮೋಸವನ್ನ ವಿಜ್ಞಾನ ಕ್ಷಮಿಸಲ್ಲ. ಹೊರಗಿಡಿ!"

ಜನ ಚಪ್ಪಾಳೆ ಹೊಡೆದರು. ಅಧ್ಯಕ್ಷರು ಚೀಟಿ ತೆಗೆದು ಓದಿದರು. ಎರಡನೇ ತಟ್ಟೆ ಅಕ್ಕಂದು. ನಾಲ್ಕನೇದು ನಮ್ಮನೆದು.

ನಮ್ಮನೆಯವರು ಎದ್ದು ನಿಂತು, "ಸಾರ್, ಎರಡೂ ಒಂದೇ ಮನೆ ಬೀಜ" ಅಂದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಯಾಕಂದ್ರೆ ಅಷ್ಟರಲ್ಲಿ ಅಕ್ಕ ಓಡಿ ಬಂದು ನನ್ನ ಎರಡೂ ಕೈ ಹಿಡ್ಕೊಂಡಿದ್ದರು. ಅವರ ಕಣ್ಣಲ್ಲಿ ನೀರು.

"ನೋಡ್ರಪ್ಪ, ಮನಸ್ಸು ಅಂದ್ರೆ ಇದು! ನನಗೆ ಹತ್ತಕ್ಕೆ ಹತ್ತು ಕೊಟ್ಟು, ಸ್ವಂತ ಗಂಡನ ತಟ್ಟೆನೇ ಹೊರಗೆ ಹಾಕಿದ್ಲು. ಈ ತಾಯಿಗೆ ಹೊಟ್ಟೆಕಿಚ್ಚು ಅಂದ್ರೆ ಏನು ಅಂತಲೇ ಗೊತ್ತಿಲ್ಲ!"

ಅಧ್ಯಕ್ಷರು ಗದ್ಗದಿತರಾಗಿ ನನಗೆ ಶಾಲು ಹೊದಿಸಿದರು. ನಾನು ತಲೆ ತಗ್ಗಿಸಿ ಕೈ ಮುಗಿದೆ. ಫೋಟೋ ತೆಗೆಯೋ ಹೊತ್ತಿಗೆ ಪಕ್ಕದಲ್ಲಿ ನಿಂತಿದ್ದ ನಮ್ಮನೆಯವರು ಕಿವಿಯಲ್ಲಿ, "ನಿಜ ಹೇಳಿಬಿಡ್ಲಾ?" ಅಂದರು.

"ಸುಮ್ನೆ ನಗ್ರೀ" ಅಂದೆ. "ನೀವೀಗ ಮಾರ್ಕೆಟ್ಟಿಂದ ಟೊಮ್ಯಾಟೊ ತಂದು ಸಿಕ್ಕಿಬಿದ್ದಿರೋರು. ನಿಮ್ಮ ಮಾತು ಯಾರು ನಂಬ್ತಾರೆ?"