ಹಳೇ ಲ್ಯಾಪ್‌ಟಾಪಿಗೆ ಇವತ್ತಿನ ರೇಟು

ಬಾಳೂರಿನ ಕಾಫಿ ಎಸ್ಟೇಟೊಂದರಲ್ಲಿ ನಾನು ರೈಟರ್. ಆಳುಗಳ ಹಾಜರಿ, ಗೊಬ್ಬರದ ಲೆಕ್ಕ ಬರೆಯುವುದು ನನ್ನ ಕೆಲಸ. ಆದರೆ ತೋಟದ ಮಾಲೀಕರಾದ ಗೌಡ್ರ ಪಕ್ಕ ಕುರ್ಚಿ ಹಾಕಿ ಕೂತರೆ ದಿನಕ್ಕೊಂದು ತಮಾಷೆ ತಪ್ಪಿದ್ದಲ್ಲ. ಈ ಸಲ ಆಫೀಸಿಗೆ ಹೊಸ ಲ್ಯಾಪ್‌ಟಾಪನ್ನು ನಮಗೆ ಬೇಕಾದ ಹಾಗೆ ಒಂದೊಂದೇ ಭಾಗ ಆರಿಸಿ ಆನ್‌ಲೈನಿನಲ್ಲಿ ತರಿಸುವ ಕೆಲಸ ಬಂತು.

ಅದರಲ್ಲಿ ನನಗೊಂದು ಸ್ವಾರ್ಥವೂ ಇತ್ತು. ಮೂಡಿಗೆರೆಯಲ್ಲಿ ಡಿಗ್ರಿ ಓದುವ ಮಗಳು ಮೊಬೈಲಿನಲ್ಲೇ ಪ್ರಾಜೆಕ್ಟ್ ಟೈಪ್ ಮಾಡಿ ಕಣ್ಣು ಕೆಂಪು ಮಾಡಿಕೊಂಡಿದ್ದಳು. ಆಫೀಸಿನ ಹಳೇದು ನಿನಗೇ ಅಂತ ಅವಳಿಗೆ ಮಾತು ಕೊಟ್ಟಾಗಿತ್ತು. ಗೌಡ್ರನ್ನು ಕೇಳುವುದೊಂದೇ ಬಾಕಿ.

ತೆಗೆದಷ್ಟೂ ಏರಿತು

ವೆಬ್‌ಸೈಟಿನವರು ಬ್ಯಾಗು, ಮೌಸು ಮೊದಲೇ ಸೇರಿಸಿಟ್ಟಿದ್ದರು. "ಬ್ಯಾಗ್ ಮನೇಲಿದೆ, ತೆಗೀರಿ" ಅಂದರು ಗೌಡ್ರು. ತೆಗೆದೆ. ಬೆಲೆ ಸಾವಿರ ಏರಿತು. "ಮೌಸೂ ತೆಗೀರಿ." ಇನ್ನೈನೂರು ಏರಿತು. ಎಲ್ಲ ಸೇರಿಸಿ ತಗೊಂಡರೆ ಮಾತ್ರ ರಿಯಾಯಿತಿ ಅಂತ ಕೆಳಗೆ ಸಣ್ಣಕ್ಷರದಲ್ಲಿತ್ತು. ಓದಿ ಹೇಳಿದೆ.

"ಸಾಕು, ಎರಡನ್ನೂ ವಾಪಸ್ ಹಾಕಿ ಮಾರಾಯ್ರೆ. ಹೀಗೇ ತೆಗೀತಾ ಹೋದ್ರೆ ಖಾಲಿ ಡಬ್ಬ ತಗೊಳ್ಳೋಕೆ ತೋಟ ಮಾರ್ಬೇಕಾಗುತ್ತೆ!"

ಊಟಕ್ಕೆ ಕರೆದರೂ

ಮರುದಿನ ಮೆಮೊರಿಯ ಸರದಿ. ಎಂಟು ಜಿಬಿಯನ್ನು ಹದಿನಾರು ಮಾಡಿದರೆ ಏಳು ಸಾವಿರ ಜಾಸ್ತಿ. ಹಾಗೆ ಮಾಡಿದವರಿಗೆ ನಾಲ್ಕು ಸಾವಿರ ರಿಯಾಯಿತಿ.

"ಎಂಟೇ ಇರ್ಲಿ. ಆ ನಾಲ್ಕು ಸಾವಿರ ಮಾತ್ರ ಕಡಿಮೆ ಮಾಡ್ಲಿ. ಕೇಳಿ ನೋಡಿ, ಕೇಳೋಕೇನು?"

ಚಾಟಿನಲ್ಲಿ ಕೇಳಿದೆ. ನಾನು ನಿಮ್ಮ ಡಿಜಿಟಲ್ ಅಸಿಸ್ಟೆಂಟ್ ಅಂತ ಉತ್ತರ ಬಂತು.

"ಅಸಿಸ್ಟೆಂಟ್ ಹತ್ರ ಏನು ಮಾತು? ಮಾಲೀಕರನ್ನು ಕರ್ಕೊಂಡು ತೋಟಕ್ಕೆ ಬರ್ಲಿ. ಊಟ ಇಲ್ಲೇ."

ಅದನ್ನೂ ಬರೆದೆ. ನಿಮ್ಮ ಪ್ರಶ್ನೆ ಅರ್ಥವಾಗಲಿಲ್ಲ ಅಂತ ಬಂತು. ಗೌಡ್ರಿಗೆ ನಿಜಕ್ಕೂ ಬೇಜಾರಾಯಿತು. "ಊಟಕ್ಕೆ ಕರೆದ್ರೂ ಅರ್ಥ ಆಗಲ್ಲ ಅಂದ್ರೆ ಎಂಥಾ ಜನ!"

ಹಳೇ ಮಾಲು

ಮೂರನೇ ದಿನ ನನ್ನ ಲೆಕ್ಕ ತಲೆಕೆಳಗಾಯಿತು. ಹಳೇ ಲ್ಯಾಪ್‌ಟಾಪ್ ಕೊಟ್ಟರೆ ಹೊಸದರ ಬೆಲೆಯಲ್ಲಿ ಆರು ಸಾವಿರದವರೆಗೆ ಕಡಿತ ಅಂತ ಪರದೆ ಮೇಲೆ ಬಂತು. ನಾನು ಕೆಳಗೆ ಸರಿಸುವಷ್ಟರಲ್ಲಿ ಗೌಡ್ರು ಓದಿಬಿಟ್ಟರು.

"ಕೊಟ್ಬಿಡಿ!"

ಮಗಳ ಮುಖ ಕಣ್ಣೆದುರು ಬಂತು. ಬಾಯಿ ಬಿಟ್ಟು ಕೇಳಲು ಧೈರ್ಯ ಸಾಲಲಿಲ್ಲ. ಅಷ್ಟರಲ್ಲಿ ವೆಬ್‌ಸೈಟ್ ಪ್ರಶ್ನೆ ಶುರು ಮಾಡಿತು. ಪರದೆಯಲ್ಲಿ ಗೀರು ಇದೆಯೇ? ಇದೆ. ಹಳೇದರ ಬೆಲೆ ನಾಲ್ಕು ಸಾವಿರಕ್ಕಿಳಿಯಿತು. ಬ್ಯಾಟರಿ ನಿಲ್ಲುತ್ತದೆಯೇ? ಇಲ್ಲ. ಎರಡು ಸಾವಿರ. ಕೀಬೋರ್ಡ್? ಒಂದು ಗುಂಡಿ ಸಡಿಲ. ಒಂಬೈನೂರು. ಜೀವಮಾನದಲ್ಲಿ ನಾನು ಯಾವ ಲೆಕ್ಕವನ್ನೂ ಅಷ್ಟು ಪ್ರಾಮಾಣಿಕವಾಗಿ ಬರೆದಿರಲಿಲ್ಲ.

ಗೌಡ್ರು ಎದ್ದು ನಿಂತರು. "ಇವನೂ ಕಾಫಿ ವ್ಯಾಪಾರಿ ಥರಾನೇ! ಒಣಗಿಲ್ಲ, ಕಪ್ಪು ಬೀಜ ಇದೆ ಅಂತ ಇಳಿಸ್ತಾನೇ ಇರ್ತಾನೆ. ಕೊಡಲ್ಲ. ಸ್ಟಾಕ್ ಇಡೋಣ, ರೇಟು ಏರಿದ ಮೇಲೆ ಮಾರಿದ್ರಾಯ್ತು."

"ಹಳೇ ಲ್ಯಾಪ್‌ಟಾಪಿಗೆ ರೇಟು ಏರುತ್ತಾ ಸಾರ್?"

"ಕಾಫಿ ಏರುತ್ತೆ ಅಂದಾಗ್ಲೂ ನೀವು ಹೀಗೇ ಕೇಳಿದ್ರಿ. ನಮ್ಮ ಗೋಡೌನಲ್ಲಿ ಥಂಡಿ, ನಿಮ್ಮ ಮನೇಲಿ ಇಟ್ಕೊಳ್ಳಿ. ಮಗಳು ದಿನಾ ಆನ್ ಮಾಡ್ತಿರ್ಲಿ, ಬೂಷ್ಟು ಹಿಡಿಯಲ್ಲ."

ಆಫೀಸಿಗೆ ಹೊಸದು ಬಂತು, ಹಳೇದು ನಮ್ಮ ಮನೆ ಸೇರಿತು. ಈಗ ಪ್ರತಿ ಸೋಮವಾರ ಗೌಡ್ರು ತಪ್ಪದೆ ವಿಚಾರಿಸುತ್ತಾರೆ. "ರೈಟ್ರೇ, ಹಳೇದಕ್ಕೆ ಇವತ್ತು ಎಷ್ಟು?"

"ಮುನ್ನೂರಕ್ಕೆ ಬಂದಿದೆ ಸಾರ್."

"ಗಾಬರಿ ಬೇಡ, ಇಟ್ಟಿರಿ. ನಿಮ್ಮ ಮಗಳ ಡಿಗ್ರಿ ಮುಗಿಯೋ ತನಕ ಏರೋ ಹಾಗೆ ಕಾಣಲ್ಲ."