ಅಮಾವಾಸ್ಯೆಯ ದಿನ ನಾನು ಬೀದಿ ದೀಪ ಆರಿಸಿದ್ದು

ಊರಿನ ಬೀದಿ ದೀಪಗಳನ್ನು ಒಂದು ಗಂಟೆಯ ಮಟ್ಟಿಗೆ ಆರಿಸುವುದಕ್ಕೆ ವಿಶೇಷ ಧೈರ್ಯವೇನೂ ಬೇಕಿಲ್ಲ, ಒಂದು ಒಳ್ಳೆಯ ಅರ್ಜಿ ಸಾಕು ಎಂದು ನಾನು ದೃಢವಾಗಿ ನಂಬಿದ್ದೆ. ಅರ್ಜಿಯ ವಿಷಯದಲ್ಲಿ ನನ್ನ ಅರ್ಹತೆಯನ್ನು ಪ್ರಶ್ನಿಸುವವರು ಅಜ್ಜಂಪುರದ ಈ ಕಡೆ ಯಾರೂ ಇರಲಿಲ್ಲ. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲನೆಯವನು ನಾನು. ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಕಡೂರಿಗೆ ಹೋಗಿ ಬಂದು ಬಿ.ಎ. ಮುಗಿಸಿದೆ. ಈಗ ನಮ್ಮೂರ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕನಾಗಿದ್ದೇನೆ. ಗ್ರಂಥಾಲಯಕ್ಕೆ ಓದುಗರು ಬರುವುದು ಕಡಿಮೆ. ಅರ್ಜಿ ಬರೆಸಿಕೊಳ್ಳುವವರು ಮಾತ್ರ ಬೆಳಗ್ಗೆಯೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ವೃದ್ಧಾಪ್ಯ ವೇತನ, ಪಡಿತರ ಚೀಟಿ, ಖಾತೆ ಬದಲಾವಣೆ, ವಾಲಿದ ಕಂಬ, ಎಲ್ಲವೂ ನನ್ನ ಲೇಖನಿಯಿಂದಲೇ ಆಗಬೇಕು. "ಸದರಿ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ತಪ್ಪಿಲ್ಲದೆ ಬರೆಯಬಲ್ಲವನು ಊರಿನಲ್ಲಿ ನಾನೊಬ್ಬನೇ.

ನಮ್ಮ ಅವ್ವನಿಗೆ ಅಕ್ಷರ ಬಾರದು. ಆದರೆ ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ಆಕೆ ಮಾಡುತ್ತಿದ್ದ ಭಾಷಣಕ್ಕೆ ಅಕ್ಷರ ಬೇಕಿರಲಿಲ್ಲ.

"ನನ್ ಮಗ ಬರ್ದ್ರೆ ಅಮಲ್ದಾರ್ರೂ ಎದ್ದು ನಿಂತ್ಕಂಡು ಓದ್ತಾರೆ ಕಣ್ರೇ!"

ಇದುವರೆಗೆ ಯಾವ ಅಧಿಕಾರಿಯೂ ಎದ್ದು ನಿಂತ ದಾಖಲೆ ಇಲ್ಲ. ಕೂತು ಓದಿದ ದಾಖಲೆಯೂ ಇಲ್ಲ. ಅದನ್ನು ನಾನು ಅವ್ವನಿಗೆ ಹೇಳಿರಲಿಲ್ಲ. ಆ ನಲ್ಲಿಯ ಹತ್ತಿರದ ಗೌರವವೊಂದನ್ನು ಬಿಟ್ಟರೆ ನನ್ನ ಪದವಿ ಆಕೆಗೆ ಕೊಟ್ಟಿದ್ದು ಬೇರೇನೂ ಇರಲಿಲ್ಲ.

ಹೀಗಿರಲಾಗಿ, ತರೀಕೆರೆಯಲ್ಲಿ ಗ್ರಂಥಾಲಯ ಮೇಲ್ವಿಚಾರಕರಿಗೆ ಒಂದು ದಿನದ ತರಬೇತಿ ನಡೆಯಿತು. ಅಲ್ಲಿ ಉಪನ್ಯಾಸಕಿಯೊಬ್ಬರು ಬೆಳಕಿನ ಮಾಲಿನ್ಯದ ಬಗ್ಗೆ ಮಾತನಾಡಿದರು. ಅತಿಯಾದ ಬೆಳಕಿನಿಂದ ಹಕ್ಕಿಗಳು ದಾರಿ ತಪ್ಪುತ್ತವೆ, ಹುಳುಹುಪ್ಪಟೆಗಳು ಸಾಯುತ್ತವೆ, ನಕ್ಷತ್ರಗಳು ಕಾಣದಾಗುತ್ತವೆ ಎಂದರು. ಉಳಿದವರು ಊಟದ ಗಂಟೆಗಾಗಿ ಕಾಯುತ್ತಿದ್ದರು. ನಾನು ಎಲ್ಲವನ್ನೂ ಬರೆದುಕೊಂಡೆ. ಮುಖ್ಯ ಅಂಶಗಳನ್ನು ನನ್ನ ಅಭ್ಯಾಸದಂತೆ ಕೆಂಪು ಶಾಯಿಯಲ್ಲಿ ಬರೆದೆ. ಈ ಕೆಂಪು ಶಾಯಿಯನ್ನು ಓದುಗರು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಆ ಸಂಜೆ ಬಸ್ಸಿನಿಂದ ಇಳಿದಾಗ ನಮ್ಮೂರು ನನ್ನ ಕಣ್ಣಿಗೆ ಬೇರೆಯಾಗಿಯೇ ಕಂಡಿತು. ಆ ವರ್ಷ ಬಂದ ಹೊಸ ಎಲ್‌ಇಡಿ ದೀಪಗಳು ಎಷ್ಟು ಬೆಳ್ಳಗಿದ್ದವೆಂದರೆ, ನಮ್ಮ ಹುಂಜ ರಾತ್ರಿ ಎರಡು ಸಲ ಎದ್ದು ಬೆಳಗಾಯಿತೆಂದು ಘೋಷಿಸುತ್ತಿತ್ತು. ಸಾಕ್ಷಿ ಮನೆಯಲ್ಲೇ ಇದೆ! ನಾನು ಅಂದೇ ನಾಲ್ಕು ಪುಟಗಳ ಅರ್ಜಿ ಬರೆದೆ. ಊರಿನ ನಾಗರಿಕರಿಗೆ ನಕ್ಷತ್ರಗಳನ್ನು ತೋರಿಸುವ ಸಲುವಾಗಿ ಒಂದು ಸಂಜೆ ಏಳರಿಂದ ಎಂಟರವರೆಗೆ ಬೀದಿ ದೀಪಗಳನ್ನು ಆರಿಸಬೇಕೆಂದು ಕೋರಿದೆ. ಪಂಚಾಯಿತಿಯವರು ಮೊದಲ ಪುಟವನ್ನೂ ಕೊನೆಯ ಪುಟವನ್ನೂ ನೋಡಿ, "ಜವಾಬ್ದಾರಿ ನಿಮ್ದೇ" ಎಂದು, ಅದನ್ನೂ ಬರೆಸಿಕೊಂಡು ಒಪ್ಪಿದರು.

ದಿನವನ್ನು ನಾನು ವೈಜ್ಞಾನಿಕವಾಗಿ ಆಯ್ಕೆ ಮಾಡಿದೆ. ಚಂದ್ರನಿಲ್ಲದ ದಿನ. ಅಮಾವಾಸ್ಯೆ.

"ರೀ, ನಿಮ್ಗೆ ಬೇರೆ ದಿನ ಸಿಗ್ಲಿಲ್ವಾ?" ಎಂದಳು ನನ್ನ ಹೆಂಡತಿ ಗೀತಾ.

"ಚಂದ್ರನ ಬೆಳಕು ಅಡ್ಡಿಯಾಗಬಾರದು, ಅದಕ್ಕೆ."

"ಅಮಾಸೆ ದಿನ ಊರ್ಗೆ ಊರೇ ಕತ್ತಲೆ ಮಾಡ್ತೀಯೇನೋ ಲೋಕೇಶ?" ಎಂದು ಅವ್ವ ಒಳಗಿನಿಂದ ಕೂಗಿದಳು. "ಇಷ್ಟು ಓದ್ಬುಟ್ಟು ಇದೇನೋ ಬಂತು ನಿಂಗೆ?"

"ಅದು ಮೂಢನಂಬಿಕೆ ಅವ್ವ," ಎಂದೆ. ಬಹಳ ಸೌಜನ್ಯದಿಂದ ಎಂದೆ.

ನೀರು ಬಿಡುವುದೂ ಬೀದಿ ದೀಪ ಹಾಕುವುದೂ ನಮ್ಮೂರಿನಲ್ಲಿ ಒಬ್ಬರದೇ ಕೆಲಸ. ನೀರುಗಂಟಿ ರಂಗಪ್ಪ ಓವರ್‌ಹೆಡ್ ಟ್ಯಾಂಕಿನ ಕೆಳಗಿರುವ ಕಬ್ಬಿಣದ ಪೆಟ್ಟಿಗೆಯ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿರುತ್ತಾನೆ. ಆದರೆ ಪ್ರತಿ ಅಮಾವಾಸ್ಯೆಗೂ ಆತ ದೀಪ ಹಾಕಿ, ಸಂಜೆಯ ಬಸ್ಸಿಗೆ ತನ್ನ ಮನೆದೇವರಿಗೆ ಹೋದರೆ ಬರುವುದು ಮರುದಿನವೇ. ಈ ಸಲ ಹೋಗುವ ಮುನ್ನ ಬೀಗದ ಕೈ ನನ್ನ ಕೈಗಿಟ್ಟ.

"ಎಡಗಡೆದು ದೀಪ ಸಾರ್, ಬಲಗಡೆದು ಮೋಟ್ರು. ಟ್ಯಾಂಕ್ ತುಂಬ್ಸಿ ಹೋಯ್ತಿದೀನಿ, ಮೋಟ್ರು ಮಾತ್ರ ಮುಟ್ಬೇಡಿ. ಬರ್ಕಳಿ ಬೇಕಾದ್ರೆ."

ಬರೆದುಕೊಂಡೆ. ಮುಖ್ಯ ವಿಷಯವಾದುದರಿಂದ, ಕೆಂಪು ಶಾಯಿಯಲ್ಲಿ.

ಗ್ರಂಥಾಲಯದ ಮುಂದೆ ಮೂರು ದಾರಿಗಳು ಕೂಡುತ್ತವೆ. ಮರಗಳಿಲ್ಲದೆ ಆಕಾಶ ವಿಶಾಲವಾಗಿ ಕಾಣುವ ಜಾಗ ಊರಿನಲ್ಲಿ ಅದೊಂದೇ. ಎಲ್ಲರೂ ಅಲ್ಲಿ ಸೇರಬೇಕೆಂದು ಕರಪತ್ರ ಹಂಚಿದ್ದೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಬೇಕಾದುದರಿಂದ ಮೊಬೈಲ್‌ಗಳನ್ನು ಮನೆಯಲ್ಲೇ ಇಟ್ಟು, ಹೊರಗಿನ ಬಲ್ಬುಗಳನ್ನು ಆರಿಸಿ ಬರಬೇಕೆಂದೂ ಸೂಚಿಸಿದ್ದೆ. ಊರಿನವರು ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದು ಜೀವನದಲ್ಲಿ ಅದೇ ಮೊದಲು. ಪಾಲಿಸಬಾರದಿತ್ತು!

ನನ್ನ ಬಳಿ ಮಾತ್ರ ಒಂದು ಟಾರ್ಚ್ ಇತ್ತು. ಅದರ ಗಾಜಿಗೆ ಕೆಂಪು ಬಣ್ಣದ ತೆಳು ಹಾಳೆ ಸುತ್ತಿ, ಅಂಟು ಹಾಕಿ, ಮೇಲೆ ದಾರ ಬಿಗಿದಿದ್ದೆ. ಕೆಂಪು ಬೆಳಕಿನಿಂದ ಕಣ್ಣಿಗೆ ತೊಂದರೆಯಾಗದು ಎಂದು ತರಬೇತಿಯಲ್ಲಿ ಹೇಳಿದ್ದರು.

ದೀಪಗಳನ್ನು ಆರಿಸುವ ಕಾರ್ಯವನ್ನು ನಾನು, ಅವುಗಳನ್ನು ಹಚ್ಚದೆ ಇರುವ ಮೂಲಕ ನೆರವೇರಿಸಿದೆ. ಕತ್ತಲಾಯಿತು. ಜನ ಬಂದರು. ನಾನು "ಆತ್ಮೀಯ ನಾಗರಿಕ ಬಂಧುಗಳೇ" ಎಂದು ಆರಂಭಿಸುವುದರೊಳಗೆ ಎಲ್ಲರೂ ಕತ್ತೆತ್ತಿ ನಿಂತುಬಿಟ್ಟಿದ್ದರು. ನಿಜ ಹೇಳುತ್ತೇನೆ, ನಾನೂ ಭಾಷಣ ಬಿಟ್ಟು ಮೇಲೆ ನೋಡಿದೆ. ಆಕಾಶದ ತುಂಬ ಅಕ್ಕಿ ಚೆಲ್ಲಿದ ಹಾಗಿತ್ತು.

"ಅಯ್ಯೋ ಶಿವನೇ, ಇವೆಲ್ಲ ಇನ್ನೂ ಇದಾವಾ!" ಎಂದಳು ಪಕ್ಕದ ಮನೆಯ ಗೌರಜ್ಜಿ. "ನಾನು ಮದುವೆಯಾಗಿ ಈ ಊರ್ಗೆ ಬಂದಾಗ ನೋಡಿದ್ದೆ ಕಣಪ್ಪ."

ನಾನು ಚೇತರಿಸಿಕೊಂಡು, ನಕ್ಷತ್ರ ನಕ್ಷೆಯನ್ನು ಹಿಡಿದು, "ಅದೋ, ಅದು ರೋಹಿಣಿ," ಎಂದು ತೋರಿಸಿದೆ.

"ಅದು ಕೃತ್ತಿಕೆ ಕಣೋ! ನಿನ್ ಪೇಪರ್ ತಲೆಕೆಳಗಾಗೈತೇನೋ ನೋಡು."

ಆಗಿತ್ತು.

ಸರಿಪಡಿಸಿಕೊಳ್ಳುವಷ್ಟರಲ್ಲಿ ಕತ್ತಲೆಯಲ್ಲಿ 'ಪಚಕ್' ಎಂದು ಒಂದು ಶಬ್ದ ಕೇಳಿಸಿತು. ಕಿರಾಣಿ ಅಂಗಡಿಯ ಶಿವಣ್ಣನವರ ಕಾಲು ಯಾವುದೋ ಮೆತ್ತನೆಯ ವಸ್ತುವಿನೊಳಗೆ ಇಳಿದಿತ್ತು.

"ಇದೇನ್ರಪ್ಪ ಇದು... ಕುಂಬಳಕಾಯಿ!"

ಇಲ್ಲಿ ಒಂದು ವಿಷಯವನ್ನು ನಿವೇದಿಸಬೇಕು. ಅಮಾವಾಸ್ಯೆಯ ಸಂಜೆ ನಮ್ಮ ಕಡೆ ಮನೆ, ಅಂಗಡಿ, ಟ್ರ್ಯಾಕ್ಟರುಗಳಿಗೆ ದೃಷ್ಟಿ ತೆಗೆದು, ನಿವಾಳಿಸಿದ ನಿಂಬೆಹಣ್ಣು, ಕುಂಕುಮ ಸವರಿದ ಬೂದುಗುಂಬಳ, ಕೆಂಪು ಅನ್ನ ಮುಂತಾದವನ್ನು ಮೂರು ದಾರಿ ಕೂಡುವಲ್ಲಿ ಹಾಕುತ್ತಾರೆ. ಅದನ್ನು ತುಳಿದವರಿಗೆ ಆ ದೃಷ್ಟಿಯೆಲ್ಲ ಅಂಟುತ್ತದೆಂದು ನಂಬಿಕೆ. ಪ್ರತಿ ಅಮಾವಾಸ್ಯೆಯೂ ಜನ ಬೀದಿ ದೀಪದ ಬೆಳಕಿನಲ್ಲಿ ಅವನ್ನು ಸುತ್ತಿ ಬಳಸಿ ಹೋಗುತ್ತಾರೆ. ಆ ಸಂಜೆಯೂ ಎಲ್ಲರೂ ನಿವಾಳಿಸಿದ್ದರು. ಕತ್ತಲಾಗಿದ್ದರಿಂದ ಅಂದಾಜಿನ ಮೇಲೆ ಎಲ್ಲೆಂದರಲ್ಲಿ ಇಟ್ಟಿದ್ದರು. ಶಿವಣ್ಣನವರು ತುಳಿದ ಕುಂಬಳಕಾಯಿ ಅವರೇ ಒಡೆದದ್ದು!

ಆಗ ಎಲ್ಲರಿಗೂ ಏಕಕಾಲದಲ್ಲಿ ಜ್ಞಾನೋದಯವಾಯಿತು.

"ಯಾರೂ ಅಲ್ಲಾಡ್ಬೇಡ್ರೀ!" ಎಂದು ಯಾರೋ ಕಿರುಚಿದರು. ಊರಿಗೆ ಊರೇ ನಿಂತಲ್ಲೇ ನಿಂತಿತು. ಕೆಲವರು ಎತ್ತಿದ ಕಾಲನ್ನು ಎತ್ತಿಯೇ ಇದ್ದರು. ಆಕಾಶದಲ್ಲಿ ಕೋಟಿ ನಕ್ಷತ್ರಗಳು. ಕೆಳಗೆ ಒಂಟಿ ಕಾಲಿನ ಮೇಲೆ ನಮ್ಮ ನಾಗರಿಕರು.

"ಲೋಕೇಶಪ್ಪ, ಬೇಗ ಏನಾದ್ರೂ ಮಾಡಪ್ಪ, ನಂಗೆ ಮಂಡಿನೋವು!" ಎಂದು ಗೌರಜ್ಜಿ ಅಳುವ ಧ್ವನಿಯಲ್ಲಿ ಕೂಗಿದಳು.

ನಾನು ಧೀರೋದಾತ್ತನಾಗಿ ಟಾರ್ಚ್ ಬೆಳಗಿಸಿದೆ. ಕೆಂಪು ಬೆಳಕು ನೆಲದ ಮೇಲೆ ಬಿತ್ತು. ಕೆಂಪು ಬೆಳಕಿನಲ್ಲಿ ಕೆಂಪು ಕುಂಕುಮ ಕಾಣುವುದಿಲ್ಲವೆಂಬ ಸಂಗತಿಯನ್ನು ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ! ಕುಂಕುಮ, ಕೆಂಪು ಅನ್ನ, ಧೂಳು, ಎಲ್ಲ ಒಂದೇ ಬಣ್ಣ. "ಇಲ್ಲಿ ಏನೂ ಇಲ್ಲ, ಧೈರ್ಯವಾಗಿ ನಡೆಯಿರಿ," ಎಂದು ಘೋಷಿಸಿದೆ. ನಂಬಿ ಹೆಜ್ಜೆಯಿಟ್ಟ ಆರು ಜನ ಆರು ಅಮಂಗಳಗಳನ್ನು ತುಳಿದರು. ಏಳನೆಯದನ್ನು ನಾನು ತುಳಿದೆ. ನಿಂಬೆಹಣ್ಣು.

ಹಾಳೆಯನ್ನು ಹರಿಯಲು ನೋಡಿದೆ. ಅಂಟು ಬಹಳ ಚೆನ್ನಾಗಿ ಹಿಡಿದಿತ್ತು.

ದೀಪ ಹಾಕುವುದೊಂದೇ ದಾರಿಯೆಂದು ಟ್ಯಾಂಕಿನ ಕಡೆಗೆ ಓಡಿದೆ. ಪೆಟ್ಟಿಗೆ ತೆರೆದೆ. ಎರಡು ಸ್ವಿಚ್ಚುಗಳು. ಯಾವುದು ಯಾವುದು? ಗಾಬರಿಯಲ್ಲಿ ಮರೆತುಹೋಗಿತ್ತು. ಆದರೆ ಪದವೀಧರನಾದವನು ಊಹೆಯ ಮೇಲೆ ಸ್ವಿಚ್ ಹಾಕಬಾರದು! ಬರೆದುಕೊಂಡಿದ್ದ ಪುಸ್ತಕ ತೆರೆದು ಟಾರ್ಚ್ ಹಿಡಿದೆ. ಪುಟ ಖಾಲಿ! ಕೆಂಪು ಬೆಳಕು ನನ್ನ ಕೆಂಪು ಶಾಯಿಯನ್ನು ಪೂರ್ತಿ ನುಂಗಿ ಕುಳಿತಿತ್ತು. ಕಡೆಗೆ ಊಹೆಯ ಮೇಲೆಯೇ ಬಲಗಡೆಯದನ್ನು ಹಾಕಿದೆ. 'ಗುರ್' ಎಂಬ ಸದ್ದಾಯಿತು. ಹನ್ನೊಂದು ದೀಪಗಳು ಒಟ್ಟಿಗೆ ಹತ್ತುವಾಗ ಇಷ್ಟು ಸದ್ದು ಸಹಜವೆಂದು ಭಾವಿಸಿ ಕಾದೆ. ದೀಪ ಹತ್ತಲಿಲ್ಲ. ಎಡಗಡೆಯದನ್ನೂ ಹಾಕಿದೆ. ದೀಪಗಳು ಝಗ್ಗನೆ ಬಂದವು! ವಿಜಯೋತ್ಸಾಹದಲ್ಲಿ ಪೆಟ್ಟಿಗೆಗೆ ಬೀಗ ಹಾಕಿ ಹಿಂತಿರುಗಿದೆ.

ಬಲಗಡೆಯ ಮೋಟಾರು ಮಾತ್ರ ಓಡುತ್ತಲೇ ಇತ್ತು.

ಬೆಳಕಿನಲ್ಲಿ ಜನ ತಮ್ಮ ತಮ್ಮ ಪಾದಗಳನ್ನು ಪರೀಕ್ಷಿಸಿಕೊಳ್ಳುತ್ತಿದ್ದಾಗ ತುಂಬಿದ ಟ್ಯಾಂಕು ಉಕ್ಕಿತು. ನೀರು ಮೂರು ದಾರಿಯ ಕೂಟಕ್ಕೆ ಇಳಿದು, ಅಲ್ಲಿದ್ದ ಕುಂಕುಮ, ಅನ್ನ, ಕುಂಬಳದ ಹೋಳುಗಳನ್ನೆಲ್ಲ ಒಟ್ಟುಗೂಡಿಸಿಕೊಂಡು ಇಳಿಜಾರಿನಲ್ಲಿ ಊರೊಳಗೆ ಹೊರಟಿತು. ನಿಂಬೆಹಣ್ಣುಗಳು ಮುಂದೆ ತೇಲುತ್ತ ಸಾಗಿದವು. ತುಳಿಯದೆ ಮನೆಯಲ್ಲೇ ಉಳಿದಿದ್ದವರ ಹೊಸಿಲಿಗೂ ಒಂದೊಂದು ತಲುಪಿತು. ಇಷ್ಟು ಸಮಾನವಾದ ಹಂಚಿಕೆ ನಮ್ಮ ಪಂಚಾಯಿತಿಯಲ್ಲಿ ಹಿಂದೆಂದೂ ಆಗಿರಲಿಲ್ಲ!

ಮರುದಿನದಿಂದ ಊರಿನಲ್ಲಿ ನಡೆದದ್ದೆಲ್ಲ ನನ್ನ ಖಾತೆಗೆ ಬಂತು. ಶಿವಣ್ಣನವರ ಅಂಗಡಿಯ ಫ್ರಿಜ್ಜು ಕೆಟ್ಟಿದ್ದು, ಗೌರಜ್ಜಿಯ ಎಮ್ಮೆ ಹಾಲು ಕೊಡದೆ ಒದ್ದಿದ್ದು, ಯಾರದೋ ಹಲ್ಲುನೋವು. ಗ್ರಂಥಾಲಯದ ಬೆಂಚು ಖಾಲಿಯಾಯಿತು. ಒಂದು ದಿನ, ಎರಡು ದಿನ, ಒಂದು ವಾರ. ಒಬ್ಬರೂ ಅರ್ಜಿ ಬರೆಸಲು ಬರಲಿಲ್ಲ. ಅವ್ವ ನಲ್ಲಿಗೆ ಹೋಗುವುದನ್ನು ನಿಲ್ಲಿಸಿ ಗೀತಾಳನ್ನು ಕಳಿಸತೊಡಗಿದಳು. ಕೇಳಿದರೆ, "ಸೊಂಟ ನೋವು ಕಣಪ್ಪ," ಎಂದು ಮುಖ ತಿರುಗಿಸಿದಳು. ಆಕೆಯ ಸೊಂಟಕ್ಕೆ ಏನೂ ಆಗಿರಲಿಲ್ಲ. ಅದು ನನಗೆ ಗೊತ್ತಿತ್ತು.

ಎಂಟನೆಯ ದಿನ ಶಿವಣ್ಣನವರೂ ಗೌರಜ್ಜಿಯೂ ಇನ್ನೂ ನಾಲ್ಕಾರು ಜನರೂ ಗ್ರಂಥಾಲಯದ ಬಾಗಿಲಲ್ಲಿ ಕಾಣಿಸಿಕೊಂಡರು. ನನ್ನ ಎದೆ ಹಗುರವಾಯಿತು.

"ಒಂದು ಅರ್ಜಿ ಬರ್ಕೊಡ್ಬೇಕಾಗಿತ್ತಲ್ಲ," ಎಂದರು ಶಿವಣ್ಣನವರು.

"ಧಾರಾಳವಾಗಿ! ಯಾವ ವಿಷಯ?"

ಅವರು ಗೌರಜ್ಜಿಯ ಮುಖ ನೋಡಿದರು. ಗೌರಜ್ಜಿ ಗೋಡೆ ನೋಡಿದಳು.

"ದೂರು ಕಣಪ್ಪ. ಪಂಚಾಯ್ತಿಗೆ."

"ಯಾರ ಮೇಲೆ?"

"ನಿನ್ ಮೇಲೇ!" ಎಂದಳು ಗೌರಜ್ಜಿ. "ಬೇಜಾರ್ ಮಾಡ್ಕಬ್ಯಾಡ. ಬ್ಯಾರೆ ಯಾರ್ಗೆ ಬರೆಯಕ್ಕೆ ಬತ್ತದೆ ಹೇಳು?"

ನಾನು ಹಾಳೆ ತೆಗೆದುಕೊಂಡೆ. ಅವರು ಹೇಳಿದ್ದು ಬಹಳ ಅಸ್ತವ್ಯಸ್ತವಾಗಿತ್ತು.

"ಆ ಓದಿದ್ ಮುಂಡೇದು ಊರ್ ಹಾಳ್ಮಾಡ್ತು ಅಂತ ಬರಿ," ಎಂದರು ಶಿವಣ್ಣನವರು.

"ಹಾಗೆ ಬರೆಯಲು ಬರುವುದಿಲ್ಲ. 'ಸದರಿ ಪದವೀಧರನು ತನ್ನ ಅಜಾಗರೂಕತೆಯಿಂದ ಸಾರ್ವಜನಿಕರಿಗೆ ತೀವ್ರ ಮಾನಸಿಕ ಕ್ಲೇಶವನ್ನುಂಟುಮಾಡಿರುತ್ತಾನೆ' ಎನ್ನೋಣ."

"ಆಹಾ! ಹಂಗೇ ಹಾಕು!"

ಮೋಟಾರಿನ ವಿಷಯವನ್ನು ಅವರು ಮರೆತಿದ್ದರು. ದೂರು ಅಪೂರ್ಣವಾಗಬಾರದೆಂದು ನಾನೇ ಸೇರಿಸಿದೆ. ಪಂಚಾಯಿತಿಯಲ್ಲಿ ಮೂರು ಕೇಳಿದರೆ ಒಂದು ಸಿಗುತ್ತದೆ ಎಂಬ ಅನುಭವದ ಮೇಲೆ, ಮೂರು ಹೆಚ್ಚುವರಿ ದೀಪಗಳನ್ನು ಅಳವಡಿಸಬೇಕೆಂದೂ, ಇನ್ನು ಮುಂದೆ ಯಾವುದೇ ಕಾರಣಕ್ಕೂ ದೀಪಗಳನ್ನು ಆರಿಸತಕ್ಕದ್ದಲ್ಲವೆಂದೂ ಬರೆದೆ. ಓದಿ ಹೇಳಿದಾಗ ಗೌರಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೆಬ್ಬೆಟ್ಟು ಒತ್ತುವ ಮುನ್ನ ಹತ್ತಿರ ಬಂದು ಪಿಸುಗುಟ್ಟಿದಳು, "ಚುಕ್ಕಿ ಮಾತ್ರ ಚೆನ್ನಾಗಿದ್ವು ಕಣೋ."

ಅಂದು ಸಂಜೆ ಅವ್ವ ತಾನೇ ಕೊಡ ಎತ್ತಿಕೊಂಡು ನಲ್ಲಿಗೆ ಹೊರಟಳು. ಆಕೆಯ ಧ್ವನಿ ಬೀದಿಯ ತುದಿಯವರೆಗೆ ಕೇಳುತ್ತಿತ್ತು.

"ನನ್ ಮಗನ್ ಮ್ಯಾಲೆ ದೂರು ಕೊಡ್ಬೇಕಾದ್ರೂ ನನ್ ಮಗನತ್ರಾನೇ ಬರ್ಬೇಕು ಕಣ್ರೇ!"

ನಾನು ಬರೆದ ಅರ್ಜಿಗಳಲ್ಲಿ ತಕ್ಷಣ ಕ್ರಮ ಜರುಗಿದ್ದು ಅದೊಂದರ ಮೇಲೆ ಮಾತ್ರ. ಸೋರುವ ಬಸ್ ತಂಗುದಾಣದ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ. ಇದಕ್ಕೆ ಎರಡೇ ದಿನ! ದೀಪದ ಸ್ವಿಚ್ಚನ್ನೇ ಕಿತ್ತು ನೇರವಾಗಿ ತಂತಿ ಜೋಡಿಸಿದರು. ಈಗ ನಮ್ಮೂರ ದೀಪಗಳು ಹಗಲು ರಾತ್ರಿ ಎನ್ನದೆ ಉರಿಯುತ್ತವೆ. ನಮ್ಮ ಹುಂಜ ಕೂಗುವುದನ್ನೇ ಬಿಟ್ಟಿದೆ. ಹೊಸದಾಗಿ ಬಂದದ್ದು ಮೂರಲ್ಲ, ಒಂದು ದೀಪ. ನನ್ನ ಲೆಕ್ಕಾಚಾರ ಸರಿಯಾಗಿತ್ತು. ಆದರೆ ಅದನ್ನು ನಮ್ಮ ಮನೆಯ ಮುಂದೆಯೇ ನೆಟ್ಟರು. ಊರಿನಲ್ಲೇ ಅತ್ಯಂತ ಪ್ರಖರವಾದ ದೀಪ. ರಾತ್ರಿ ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗುತ್ತೇವೆ.

"ರೀ, ಇದನ್ನ ತೆಗ್ಸಿ ಅಂತ ಒಂದು ಅರ್ಜಿ ಬರೀಬಾರ್ದಾ?" ಎಂದಳು ಗೀತಾ, ಟವೆಲಿನ ಒಳಗಿನಿಂದ.

"ಬರೆಯಬಹುದು. ಸಹಿ ಹಾಕುವವರು ಯಾರು?"

ಮುಂದಿನ ಅಮಾವಾಸ್ಯೆ ಬಂತು. ಸಂಜೆ ಬಾಗಿಲು ತೆರೆದು ನೋಡಿದೆ. ನಮ್ಮ ಗೇಟಿನ ಮುಂದೆ ಊರಿನ ಅಷ್ಟೂ ಕುಂಬಳಕಾಯಿ, ನಿಂಬೆಹಣ್ಣುಗಳು ಸಾಲಾಗಿ ಕುಳಿತಿದ್ದವು. ಶಿವಣ್ಣನವರು ತಮ್ಮದನ್ನು ಇಟ್ಟು ಕೈ ಒರೆಸಿಕೊಳ್ಳುತ್ತಿದ್ದರು.

"ಇದೇನು ಶಿವಣ್ಣನವರೇ, ಮೂರು ದಾರಿ ಕೂಡುವುದು ಗ್ರಂಥಾಲಯದ ಮುಂದಲ್ಲವೇ?"

"ಇಲ್ಲಿ ಬೆಳಕು ಚೆನ್ನಾಗೈತೆ ಕಣಪ್ಪ," ಎಂದರು ಅವರು, ಬಹಳ ಸೌಜನ್ಯದಿಂದ. "ಯಾರೂ ತುಳಿಯಲ್ಲ. ಹೆಂಗೂ ನೀನು ಇದನ್ನೆಲ್ಲ ನಂಬಲ್ವಲ್ಲ!"

ನಂಬುವುದಿಲ್ಲ. ಖಂಡಿತ ನಂಬುವುದಿಲ್ಲ. ಆದರೂ ಮರುದಿನ ಗ್ರಂಥಾಲಯಕ್ಕೆ ನಾನು ಮನೆಯ ಹಿತ್ತಿಲ ಬಾಗಿಲಿನಿಂದ ಹೋದೆ.