ಎಲ್ಡನ್‌ಗೆ ಎಲ್ಲಾ ಗೊತ್ತು

ಎಲ್ಡನ್ ಪಿಂಕಮ್ ಅವತ್ತು ಬೆಳಿಗ್ಗೆ ‘ನನಗೆ ಗೊತ್ತಿಲ್ಲ’ ಎಂದು ಒಂದೇ ಮಾತು ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವನು ಹೇಳಲಿಲ್ಲ. ಮುಗುಳ್ನಕ್ಕ. ಆ ನಗೆ ಸಂಜೆಯ ಹೊತ್ತಿಗೆ ಅವನ ಕೊರಳಿಗೇ ಸುತ್ತಿಕೊಂಡಿತು.

ಪ್ರಶ್ನೆ ಕೇಳಿದವಳು ಬಂದರು ಬೀದಿಯ ಕಾಫಿ ಹೋಟೆಲಿನ ಬರ್ನಿಸ್. "ಕೊನೇ ಕಂತಿನ ಅರೆಸ್ಟು ತೆಗೆದಿದ್ದು ನಿನ್ನ ಅಂಗಡೀಲೇ ಅಲ್ವೇನೋ? ಇವತ್ತು ಸಂಜೆ ಹೆಂಗೂ ಊರಿಗೆಲ್ಲಾ ಗೊತ್ತಾಗತ್ತೆ. ಕೊಲೆಗಾರ ಯಾರು, ನನ್ನ ಕಿವೀಲಿ ಹೇಳು."

ಅಮೆರಿಕದ ಮೇಯ್ನ್ ಕರಾವಳಿಯ ಸ್ಪ್ರೂಸ್ ಕೋವ್ ಎಂಬ ಆ ಪುಟ್ಟ ಊರಿಗೆ ಚಳಿಗಾಲದಿಂದ ಬೇರೆ ಮಾತೇ ಇರಲಿಲ್ಲ. ಬ್ಯಾಂಕಿನವನೊಬ್ಬನ ಕೊಲೆಯ ಸುತ್ತ ಹೆಣೆದ ಟಿ.ವಿ. ಧಾರಾವಾಹಿ, ಹೆಸರು ‘ಇಳಿತ’. ಮೂಲ ಬ್ರಿಟಿಷರದ್ದು, ಕೆಲವು ವರ್ಷಗಳ ಹಿಂದೆ ಊರವರೆಲ್ಲ ಅದನ್ನೂ ನೋಡಿದ್ದರು. ಬ್ರಿಟಿಷರದ್ದರಲ್ಲಿ ಯಾರೂ ದನಿ ಎತ್ತುವುದಿಲ್ಲ. ವಾರಗಟ್ಟಲೆ ಚಹಾ ಕುಡಿಯುತ್ತಾರೆ, ಕಿಟಕಿಯಾಚೆ ನೋಡುತ್ತಾರೆ, ಕೊನೆಯಲ್ಲಿ ಪಾದ್ರಿ ಒಮ್ಮೆ ಕೆಮ್ಮುತ್ತಾನೆ, ಅವನೇ ಕೊಲೆಗಾರ. ಅಮೆರಿಕದವರು ಅದೇ ಕತೆಯನ್ನು ತಂದು, ಚಹಾ ಚೆಲ್ಲಿ ಕಾಫಿ ತುಂಬಿಸಿ, ಪತ್ತೇದಾರನ ಕೈಯ ಕೊಡೆ ಕಸಿದು ಪಿಸ್ತೂಲು ಕೊಟ್ಟು, ಕಂತಿಗೊಂದರಂತೆ ಬಾಗಿಲು ಒದ್ದು ಮುರಿಸಿದ್ದರು. ಅಷ್ಟು ಸಾಲದೆಂಬಂತೆ, ‘ಕೊಲೆಗಾರನನ್ನೂ ಬದಲಿಸಿದ್ದೇವೆ’ ಎಂದು ಸಾರಿಬಿಟ್ಟಿದ್ದರು. ಮೊದಲೇ ನೋಡಿದ್ದೇವೆಂದು ಬೀಗುತ್ತಿದ್ದವರ ನಿದ್ದೆ ಕೆಟ್ಟಿತ್ತು.

ಆ ಅರೆಸ್ಟಿನ ದೃಶ್ಯವನ್ನು ತೆಗೆದದ್ದು ಎಲ್ಡನ್‌ನ ಕ್ಷೌರದಂಗಡಿಯಲ್ಲಿ. ಊರವರನ್ನೆಲ್ಲ ಹಗ್ಗ ಕಟ್ಟಿ ಆಚೆ ನಿಲ್ಲಿಸಿದ್ದರೂ ಎಲ್ಡನ್ ಒಬ್ಬನನ್ನು ಒಳಗೆ ಬಿಟ್ಟುಕೊಂಡಿದ್ದರು. ಅಂಗಡಿಯ ಮುಂದೆ ಕ್ಷೌರಿಕರ ಗುರುತಾಗಿ ತಿರುಗುವ ಕೆಂಪು ಬಿಳಿ ಪಟ್ಟೆಯ ಕಂಬ ಆಗಾಗ ನಿಂತುಹೋಗುತ್ತಿತ್ತು. ಹಿಂಗೋಣೆಯಲ್ಲಿದ್ದ ಅದರ ಮೋಟಾರನ್ನು ಎಲ್ಲಿ ಒದೆಯಬೇಕೆಂಬುದು ಅವನಿಗೇ ಗೊತ್ತಿತ್ತು. ನಿರ್ದೇಶಕಿ ಅವನ ಕೈ ಕುಲುಕಿ, "ಇಲ್ಲಿ ನೋಡಿದ್ದು ಯಾರಿಗೂ ಹೇಳಬಾರದು" ಎಂದಳು. ಎಲ್ಡನ್ ಎದೆ ಮುಟ್ಟಿಕೊಂಡು ಮಾತು ಕೊಟ್ಟ. ಆಮೇಲೆ ಹಿಂಗೋಣೆಯ ಪರದೆಯ ಹಿಂದೆ ಹೋಗಿ ಹೀಟರಿನ ಪಕ್ಕದ ಮೆತ್ತನೆ ಕುರ್ಚಿಯಲ್ಲಿ ಕೂತ. ಕೂತವನು ನಿದ್ದೆ ಹೋದ. ಎಚ್ಚರಾದಾಗ ದೀಪಗಳನ್ನು ಕಳಚಿ ಲಾರಿಗೆ ತುಂಬುತ್ತಿದ್ದರು.

ಹೀಗೆ ಊರಿನಲ್ಲಿ ಕೊಲೆಗಾರನನ್ನು ಕಂಡಿರಬೇಕಾಗಿದ್ದ ಏಕೈಕ ಮನುಷ್ಯ ಏನನ್ನೂ ಕಂಡಿರಲಿಲ್ಲ. ಇದನ್ನು ಅವನು ಹೆಂಡತಿ ವರ್ನಾಳಿಗೂ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ಇಷ್ಟು ವರ್ಷ ಊರವರು ಅವನನ್ನು ‘ಕಿವಿ ಹತ್ರ ಇನ್ನೂ ಸ್ವಲ್ಪ ತೆಗೀತೀಯಾ’ ಎಂಬುದೊಂದನ್ನು ಬಿಟ್ಟರೆ ಬೇರೇನೂ ಕೇಳಿದವರಲ್ಲ. ಈಗ ಬರ್ನಿಸ್ ಕೆಟಲು ಹಿಡಿದುಕೊಂಡು ಅವನ ಮುಖವನ್ನೇ ನೋಡುತ್ತ ನಿಂತಿದ್ದಾಳೆ. ಅವನು ಮುಗುಳ್ನಗದೆ ಇನ್ನೇನು ಮಾಡಬೇಕು?

"ಗೊತ್ತು ಅಂತಾಯ್ತು," ಎಂದಳು ಬರ್ನಿಸ್. ಬಿಸಿ ಡೋನಟ್ಟು ತಂದು ಅವನ ಮುಂದೆ ಇಟ್ಟಳು. ಆಮೇಲೆ ಗೋಡೆ ತೋರಿಸಿದಳು.

ಗೋಡೆಗೆ ಒರಗಿಸಿದ್ದ ಹಲಗೆಯ ಮೇಲೆ ಆರು ಜನ ಶಂಕಿತರ ಫೋಟೋಗಳಿದ್ದವು: ಪಾದ್ರಿ, ಡಾಕ್ಟರು, ಮೇಯರು, ಶಾಲೆಯ ಮಾಸ್ತರು, ದೋಣಿಯ ಕ್ಯಾಪ್ಟನ್, ಮೇಣದ ಬತ್ತಿ ಮಾರುವ ಅಜ್ಜಿ. ಒಂದೊಂದರ ಕೆಳಗೂ ಮೊಳೆಗಳು. ಹೋಟೆಲಿನ ಗಿರಾಕಿಗಳು ತಮಗೆ ಅನುಮಾನವಿದ್ದವರ ಕೆಳಗೆ ತಮ್ಮ ತಮ್ಮ ಕಾಫಿ ಕಪ್ಪು ನೇತುಹಾಕಬೇಕು. ಸೋತವರೆಲ್ಲ ಸೇರಿ ಗೆದ್ದವರಿಗೆ ಬೇಸಿಗೆ ಮುಗಿಯುವ ತನಕ ಭಾನುವಾರ ಭಾನುವಾರ ಬ್ಲೂಬೆರಿ ಹಣ್ಣು ತುಂಬಿ ಬೇಯಿಸಿದ ಪೈ ಮಾಡಿಕೊಡಬೇಕು. ಸ್ಪ್ರೂಸ್ ಕೋವ್‌ನಲ್ಲಿ ಜನ ಪೈಗಾಗಿ ಅಣ್ಣತಮ್ಮಂದಿರ ಹತ್ತಿರವೂ ಮಾತು ಬಿಟ್ಟದ್ದುಂಟು.

"ಹೆಸರು ಹೇಳ್ಬೇಡ," ಎಂದಳು ಬರ್ನಿಸ್. "ನಾನು ಕಪ್ಪು ಎಲ್ಲಿ ಹಾಕ್ಲಿ ಅಂತ ಕಣ್ಣಲ್ಲಿ ತೋರ್ಸು."

ಡೋನಟ್ಟು ಆಗಲೇ ಅವನ ಬಾಯಿಯಲ್ಲಿತ್ತು. ತಿಂದ ಮೇಲೆ ಏನನ್ನೂ ಕೊಡದಿರುವುದು ಅವನ ಸ್ವಭಾವವಲ್ಲ. "ಆ ಡಾಕ್ಟರು ಕೈ ತೊಳ್ಕೊಳ್ಳೋದು ನೋಡಿದೀಯಾ?" ಎಂದ. "ಯಾರಿಗೂ ಹೇಳ್ಬೇಡ ಮತ್ತೆ."

ಅವನು ಬಾಗಿಲು ದಾಟುವ ಮೊದಲೇ ಬರ್ನಿಸಳ ಕಪ್ಪು ಡಾಕ್ಟರ ಕೆಳಗೆ ತೂಗಾಡುತ್ತಿತ್ತು.

ಅಂಗಡಿ ತೆರೆಯುವಷ್ಟರಲ್ಲಿ ಅಗ್ನಿಶಾಮಕ ದಳದ ಮುಖ್ಯಸ್ಥ ಲಿನ್‌ವುಡ್ ಬಂದು ಕುರ್ಚಿಯಲ್ಲಿ ಕೂತ. ಅವನು ಬಂಡೆಗೆ ಅಂಗಿ ತೊಡಿಸಿದಂತಿದ್ದ. ಗಡ್ಡಕ್ಕೆ ನೊರೆ ಹಚ್ಚುತ್ತಿದ್ದ ಎಲ್ಡನ್‌ನ ಮಣಿಕಟ್ಟನ್ನು ನೊರೆಯೊಳಗಿಂದಲೇ ಗಪ್ಪನೆ ಹಿಡಿದ.

"ಎಲ್ಡನ್, ನಾವಿಬ್ರೂ ಒಂದೇ ಬೆಂಚಲ್ಲಿ ಕೂತು ಓದಿದೋರು."

"ಹೌದು ಮಾರಾಯ. ಕೈ ಬಿಡು, ಕತ್ತಿ ಇದೆ."

"ನಿನ್ನ ಅಂಗಡಿ ಚಿಮಣಿ ತಪಾಸಣೆ ಈ ವರ್ಷ ಆಗಿಲ್ಲ. ಅದ್ರೊಳಗೆ ಸೀಗಲ್ ಹಕ್ಕಿ ಸಂಸಾರ ಮಾಡ್ತಿದೆ ಅಂತ ಹೇಳ್ತಾರೆ ಜನ. ನಾನು ಕಿವಿಗೆ ಹಾಕ್ಕೊಂಡಿಲ್ಲ. ಇವತ್ತಿನ ತನಕ."

ಎಲ್ಡನ್ ಚಿಮಣಿಯ ಕಡೆ ನೋಡಿದ. ಒಳಗಿಂದ ಸೀಗಲ್ ಕೂಗಿತು. "ಮಾಸ್ತರು," ಎಂದುಬಿಟ್ಟ.

ಮಧ್ಯಾಹ್ನ ಪಾಸ್ಟರ್ ಮೆರಿಲ್ ಬಂದರು. ಊರಿನ ನಿಜವಾದ ಪಾದ್ರಿ, ಮೃದು ಮನುಷ್ಯರು. ಬ್ರಿಟಿಷರ ಧಾರಾವಾಹಿ ಬಂದಾಗಿನಿಂದ ಅವರ ಬಾಳು ಸುಖವಾಗಿರಲಿಲ್ಲ. "ನಾನು ಕೆಮ್ಮಿದ್ರೆ ಸಾಕು ಎಲ್ಡನ್, ಮುಂದಿನ ಸಾಲಿನೋರು ಎದ್ದು ಹಿಂದೆ ಹೋಗ್ತಾರೆ. ಈ ಸಲ ಪಾದ್ರಿ ಅಲ್ಲ ಅಂತ ಒಂದು ಮಾತು ಹೇಳಿ. ಇನ್ನೇನೂ ಬೇಡ."

ಎಲ್ಡನ್‌ಗೆ ಪಾಪವೆನಿಸಿತು. "ಪಾದ್ರಿ ಅಲ್ಲ ಪಾಸ್ಟರ್. ನೆಮ್ಮದಿಯಾಗಿರಿ."

ಪಾಸ್ಟರ್ ಕಣ್ಣೊರೆಸಿಕೊಂಡು ಎದ್ದರು. ಬಾಗಿಲ ತನಕ ಹೋಗಿ ತಿರುಗಿದರು. "ಹಾಗಾದ್ರೆ ಯಾರು? ಪೈ ನನಗೂ ಇಷ್ಟ."

"ಕ್ಯಾಪ್ಟನ್," ಎಂದ ಎಲ್ಡನ್, ಸೋತ ದನಿಯಲ್ಲಿ.

ಅವರ ಹಿಂದೆಯೇ ಗ್ರಂಥಾಲಯದ ಮಿಸ್ ಆಲ್ಡೆನ್. ಬ್ರಿಟಿಷರದ್ದೇ ಶ್ರೇಷ್ಠ, ಅಮೆರಿಕದ್ದು ಬರೀ ಗದ್ದಲ ಎಂದು ಬೈಯುತ್ತ ಒಂದು ಕಂತೂ ಬಿಡದೆ ನೋಡಿದವರು ಅವರು. "ನನಗೆ ನೀವೇನೂ ಹೇಳ್ಬೇಕಾಗಿಲ್ಲ ಮಿಸ್ಟರ್ ಪಿಂಕಮ್. ಬದಲಾಯಿಸಿದೀವಿ ಅಂತ ಕೂಗಿ ಹೇಳೋರು ಬದಲಾಯಿಸಿರಲ್ಲ. ಪಾದ್ರಿನೇ. ಸುಮ್ನೆ ತಲೆ ಆಡ್ಸಿ ಸಾಕು." ಎಲ್ಡನ್ ತಲೆ ಆಡಿಸಿದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ವರ್ನಾಳ ತಮ್ಮ ಡೆನಿಸ್. "ಭಾವ, ನಾನು ಹೊರಗಿನವನಾ?" ಎಂದು ಆರಂಭಿಸಿದ. ಅವನ ಮಾತು ಮುಗಿಯುವ ತನಕ ಕಾಯುವ ತಾಳ್ಮೆ ಇಲ್ಲದೆ ಎಲ್ಡನ್ "ಮೇಯರು" ಎಂದು ಫೋನು ಇಟ್ಟ.

ಆಮೇಲೆ ಕುರ್ಚಿಯಲ್ಲಿ ತಾನೇ ಕೂತು ಲೆಕ್ಕ ಹಾಕಿದ. ಬೆಳಗಿನಿಂದ ಐದು ಜನಕ್ಕೆ ಐದು ಕೊಲೆಗಾರರನ್ನು ಹಂಚಿದ್ದಾನೆ. ಸಂಜೆ ಒಬ್ಬ ಖುಷಿಪಡಬಹುದು, ಮಿಕ್ಕ ನಾಲ್ವರು ಅವನ ಚರ್ಮ ಸುಲಿಯುತ್ತಾರೆ. ಸತ್ಯ ಹೇಳಿಬಿಡುವುದೇ ಒಳ್ಳೆಯದೆಂದು ಓಡಿಹೋಗಿ ಲಿನ್‌ವುಡ್‌ನನ್ನು ಹಿಡಿದ.

"ಲಿನ್‌ವುಡ್, ನನಗೇನೂ ಗೊತ್ತಿಲ್ಲ ಕಣೋ. ನಾನು ಅವತ್ತು ನಿದ್ದೆ ಮಾಡ್ಬಿಟ್ಟಿದ್ದೆ."

ಲಿನ್‌ವುಡ್ ಅಗ್ನಿಶಾಮಕ ವಾಹನಕ್ಕೆ ಒರಗಿಕೊಂಡು ಹೊಟ್ಟೆ ಹಿಡಿದು ನಕ್ಕ. "ಆ ಮುಖ ನೋಡು. ಅವರು ನಿನ್ನನ್ನೇ ಪತ್ತೇದಾರನ ಪಾತ್ರಕ್ಕೆ ಹಾಕ್ಕೋಬೇಕಿತ್ತು. ಹೆದರ್ಬೇಡ, ನಾನು ಯಾರಿಗೂ ಬಾಯಿ ಬಿಡಲ್ಲ. ಮಾಸ್ತರು, ಅಲ್ವಾ?" ಎಂದು ಕಣ್ಣು ಹೊಡೆದ.

ಸಂಜೆ ಅಗ್ನಿಶಾಮಕ ದಳದ ಹಾಲ್‌ನಲ್ಲಿ ಊರಿಗೆ ಊರೇ ಸೇರಿತು. ವಾಹನವನ್ನು ಹೊರಗೆ ನಿಲ್ಲಿಸಿ, ಬಿಳಿ ಪರದೆ ಕಟ್ಟಿ, ಮನೆಮನೆಯಿಂದ ಬೇಯಿಸಿದ ಬೀನ್ಸು, ಮೀನಿನ ಸೂಪು, ರೊಟ್ಟಿ ತಂದು ಮೇಜಿನ ಮೇಲೆ ಹರಡಿದ್ದರು. ಬರ್ನಿಸ್ ಹಲಗೆಯನ್ನೇ ಹೊರಿಸಿಕೊಂಡು ಬಂದು ಮೂಲೆಗೆ ನಿಲ್ಲಿಸಿದ್ದಳು. ಎಲ್ಡನ್‌ಗೆ ಮುಂದಿನ ಸಾಲಿನ ನಡುವೆ ಗೌರವದ ಕುರ್ಚಿ. ಐದು ದಿಕ್ಕಿನಿಂದ ಐದು ಜನ ಅವನತ್ತ ಗುಟ್ಟಾಗಿ ನಗೆ ಬೀರಿದರು. ಐವರಿಗೂ ಅವನು ಗುಟ್ಟಾಗಿಯೇ ನಗೆ ಮರಳಿಸಿದ. ಪಕ್ಕದಲ್ಲಿ ವರ್ನಾ ಕಾಲುಚೀಲ ಹೆಣೆಯುತ್ತ ಕೂತಿದ್ದಳು. ಊರಿನಲ್ಲಿ ಅವನನ್ನು ಏನೂ ಕೇಳದೆ ಉಳಿದವಳು ಅವಳೊಬ್ಬಳೇ.

ಕತೆ ಶುರುವಾಯಿತು. ಪತ್ತೇದಾರ ಎರಡು ಬಾಗಿಲು ಮುರಿದ. ಮಂಜಿನಲ್ಲಿ ಓಡಿದ. ಕೊನೆಗೆ ಎಲ್ಡನ್‌ನ ಅಂಗಡಿ ಪರದೆಯ ಮೇಲೆ ಬಂದಾಗ ಜನ ಚಪ್ಪಾಳೆ ತಟ್ಟಿದರು. ಕ್ಷೌರದ ಕುರ್ಚಿ ಆಚೆ ಮುಖ ಮಾಡಿತ್ತು, ಅದರಲ್ಲಿ ಯಾರೋ ಕೂತಿದ್ದರು. ಪತ್ತೇದಾರ ಉಸಿರು ಬಿಗಿಹಿಡಿದು ಹೆಜ್ಜೆ ಇಟ್ಟ. ಪಿಟೀಲು ಸಣ್ಣಗೆ ಕೊರೆಯಿತು. ಅದರ ಅಡಿಯಿಂದ ಇನ್ನೊಂದು ಸದ್ದು ಬಂತು. ಗೊರ್‌ರ್‌ರ್... ಸ್ವಲ್ಪ ಬಿಟ್ಟು, ಗೊರ್‌ರ್‌ರ್...

"ಏನದು?" ಎಂದರು ಯಾರೋ, ನಡುಗುವ ದನಿಯಲ್ಲಿ.

"ಸಮುದ್ರ," ಎಂದರು ಮಿಸ್ ಆಲ್ಡೆನ್, ಮೊದಲ ಬಾರಿಗೆ ಅಮೆರಿಕದವರನ್ನು ಮೆಚ್ಚಿಕೊಂಡು. "ಎಷ್ಟು ಸೂಕ್ಷ್ಮವಾಗಿ ಬಳಸಿದಾರೆ. ಬ್ರಿಟಿಷರಿಗೂ ಇದು ಹೊಳೀಲಿಲ್ಲ."

ಎಲ್ಡನ್ ಕುರ್ಚಿಯಲ್ಲಿ ಕುಗ್ಗಿ ಕುಗ್ಗಿ ಕಾಲರಿನೊಳಗೆ ಇಳಿದ. ಪರದೆಯ ಮೇಲೆ ಕುರ್ಚಿ ನಿಧಾನವಾಗಿ ತಿರುಗಿತು. ಮೇಣದ ಬತ್ತಿ ಮಾರುವ ಅಜ್ಜಿ ಮಡಿಲಲ್ಲಿ ಕೈ ಜೋಡಿಸಿಕೊಂಡು ಹಸನ್ಮುಖಿಯಾಗಿ ಕೂತಿದ್ದಳು. "ಬಂದ್ಯಾ ಮಗಾ," ಎಂದಳು. "ಬ್ಯಾಂಕಿನವನು ಬತ್ತೀನ ಊದಿ ಆರಿಸ್ತಿದ್ದ. ನನಗದು ಆಗ್ತಿರ್ಲಿಲ್ಲ."

ಹಾಲ್‌ನ ತುಂಬ ಕುರ್ಚಿಗಳು ಕಿರುಗುಟ್ಟಿದವು.

"ನಂಗೆ ಡಾಕ್ಟರು ಅಂದಿದ್ದೆಯಲ್ಲೋ ನೀನು," ಎಂದಳು ಬರ್ನಿಸ್.

"ನಿಂಗೆ ಡಾಕ್ಟರು ಅಂದ್ನಾ? ನಂಗೆ ಮಾಸ್ತರು ಅಂದ," ಎಂದ ಲಿನ್‌ವುಡ್.

"ನನಗೆ ಕ್ಯಾಪ್ಟನ್," ಎಂದರು ಪಾಸ್ಟರ್ ನೊಂದುಕೊಂಡು. "ಅದೂ ಕಣ್ಣಲ್ಲಿ ಕಣ್ಣಿಟ್ಟು."

ಎಲ್ಡನ್ ಎದ್ದು ನಿಂತ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ನೋಡಿ, ನನಗೆ ಯಾವತ್ತೂ ಗೊತ್ತಿರ್ಲಿಲ್ಲ. ನಾನು ಅಂಗಡಿ ಪರದೆ ಹಿಂದೆ ನಿದ್ದೆ ಹೋಗಿದ್ದೆ. ನೀವು ಈಗ ಕೇಳಿದ್ದು ಸಮುದ್ರ ಅಲ್ಲ, ನನ್ನ ಗೊರಕೆ. ಬಾಯಿಗೆ ಬಂದ ಹೆಸರು ಹೇಳ್ದೆ. ತಪ್ಪಾಯ್ತು."

ದನಿಯಲ್ಲಿದ್ದ ಸಂಕಟಕ್ಕೆ ಜನ ಕರಗುವಂತೆ ಕಂಡರು. ಪಾಸ್ಟರಂತೂ ಕ್ಷಮಿಸಲು ಕೈ ಎತ್ತಿಯೇ ಬಿಟ್ಟಿದ್ದರು. ಆಗ ಡೆನಿಸ್ ಮೂಲೆಯಿಂದ, "ಅಲ್ಲಿ ನೋಡ್ರೋ," ಎಂದ.

ಎಲ್ಲರೂ ಹಲಗೆಯತ್ತ ತಿರುಗಿದರು. ಅಜ್ಜಿಯ ಫೋಟೋದ ಕೆಳಗೆ ಒಂದೇ ಒಂದು ಕಪ್ಪು ನೇತಾಡುತ್ತಿತ್ತು. ನೀಲಿ ಹೂವಿನ ಕಪ್ಪು. ಅದು ಯಾರದೆಂದು ಊರಿಗೆಲ್ಲ ಗೊತ್ತಿತ್ತು.

ವರ್ನಾ ಹೆಣಿಗೆಯಿಂದ ತಲೆ ಎತ್ತದೆ, "ನನಗೆ ಪೈ ಅಂಚು ಸ್ವಲ್ಪ ಕೆಂಪಗೆ ಬೆಂದಿರ್ಬೇಕು," ಎಂದಳು.

"ಓಹೋ," ಎಂದ ಲಿನ್‌ವುಡ್, ಉದ್ದಕ್ಕೆ. ಆ ಓಹೋ ಹಾಲ್‌ನ ಈ ತುದಿಯಿಂದ ಆ ತುದಿಗೆ ಹರಿಯಿತು. "ಊರಿಗೆಲ್ಲಾ ಒಂದೊಂದು ಸುಳ್ಳು, ಹೆಂಡ್ತಿಗೆ ಮಾತ್ರ ನಿಜ. ನಿದ್ದೆಯಂತೆ ನಿದ್ದೆ."

"ಬೇಸಿಗೆ ಪೂರ್ತಿ ಪೈ," ಎಂದಳು ಬರ್ನಿಸ್. ಬೈಗುಳದಲ್ಲಿ ಅರ್ಧ ಮೆಚ್ಚುಗೆ ಬೆರೆತಿತ್ತು. "ನಾನು ಡೋನಟ್ಟು ಬೇರೆ ಕೊಟ್ಟೆ ಈ ಕಳ್ಳನಿಗೆ."

ಎಲ್ಡನ್ ಗೊರಕೆಯ ಮೇಲೆ ಆಣೆ ಇಟ್ಟ. ಬೇಕಾದರೆ ಈಗಲೇ ಮಲಗಿ ಗೊರಕೆ ಹೊಡೆದು ತೋರಿಸುತ್ತೇನೆಂದ. ಹೇಳಿದಷ್ಟೂ ಜನ ನಕ್ಕರು, ನಕ್ಕಷ್ಟೂ ನಂಬದಾದರು. ಚಿಮಣಿ ತಪಾಸಣೆಗೆ ಬೆಳಿಗ್ಗೆಯೇ ಬರುವೆನೆಂದು ಲಿನ್‌ವುಡ್ ಬೆನ್ನು ತಟ್ಟಿ ಹೇಳಿದ.

ಮನೆಯ ದಾರಿಯಲ್ಲಿ ಎಲ್ಡನ್ ಕೇಳಿದ: "ವರ್ನಾ, ನಿನಗೆ ಹೆಂಗೆ ಗೊತ್ತಾಯ್ತು?"

"ನೀನೇ ಹೇಳಿದ್ದು."

"ನಿನಗೆ ನಾನೇನೂ ಹೇಳ್ಲಿಲ್ಲ."

"ಅದೇ. ಕೊಲೆಗಾರ ಯಾರು ಅಂತ ನಿನಗೆ ಗೊತ್ತಿದ್ದಿದ್ರೆ ಅವತ್ತೇ ಊಟಕ್ಕೆ ಕೂತಾಗ ನೀನು ನನಗೆ ಹೇಳಿರ್ತಿದ್ದೆ. ನಿನ್ನ ಹೊಟ್ಟೇಲಿ ಯಾವ ಮಾತು ನಿಂತಿದೆ? ಹೇಳ್ಲಿಲ್ಲ ಅಂದ್ರೆ ಗೊತ್ತಿಲ್ಲ ಅಂತ. ಇವತ್ತು ಆ ಐದೂ ಜನ ಒಬ್ಬೊಬ್ಬರಾಗಿ ನನ್ನ ಹತ್ರ ಬಂದು, ನಿನ್ನ ಗಂಡ ಇಂಥೋರ ಹೆಸರು ಹೇಳ್ದ, ನಿಜಾನಾ ಅಂತ ಕೇಳಿದ್ರು. ಮದುವೆಯಾದಾಗಿಂದ ನೋಡ್ತಿದೀನಿ, ನೀನು ಊಹೆ ಮಾಡಿದ್ದು ಒಂದು ದಿನಾನೂ ಸರಿಯಾಗಿಲ್ಲ. ಐದು ಹೆಸರು ಹೋಯ್ತು. ಅಜ್ಜಿ ಉಳಿದ್ಲು."

ಎಲ್ಡನ್ ನಿಂತುಬಿಟ್ಟ. "ಇದನ್ನೇ ನಾಳೆ ಎಲ್ಲರಿಗೂ ಹೇಳು. ನಾನು ಕಳ್ಳ ಅಲ್ಲ ಅಂತ ಗೊತ್ತಾಗ್ಲಿ."

"ಕಳ್ಳ ಅಲ್ಲ, ದಡ್ಡ ಅಂತ ಹೇಳ್ಲಾ? ನೀನೇ ಯೋಚನೆ ಮಾಡು. ಇವತ್ತು ಊರೆಲ್ಲಾ ನಿನ್ನ ತಲೆ ಅಂದ್ರೆ ತಲೆ ಅಂತಿದೆ."

ಎಲ್ಡನ್ ಯೋಚಿಸಿದ. ಅವಳ ಮಾತಿನಲ್ಲಿ ಸತ್ಯವಿತ್ತು. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಅವನ ನಡಿಗೆಗೆ ಸ್ವಲ್ಪ ಗತ್ತೂ ಬಂತು. ಗೇಟು ತೆರೆಯುತ್ತ ಹೇಳಿದ: "ಸರಿ ಹೋಗ್ಲಿ. ಪೈ ಅಂತೂ ಇಬ್ಬರಿಗೂ ಆಯ್ತಲ್ಲ."

"ಇಬ್ಬರಿಗಾ?" ವರ್ನಾ ಅವನ ಭುಜದ ಮೇಲೆ ಪ್ರೀತಿಯಿಂದ ಕೈ ಇಟ್ಟಳು. "ನಿನಗೆ ಬೇಡ ಕಣೋ. ನೀನು ಒಂದು ತುಂಡು ತಿಂದ್ರೂ ಜನ ನೋಡಿ, ಇಬ್ಬರೂ ಸೇರಿ ಪಾಲು ಮಾಡ್ಕೊಂಡ್ರು ಅಂತಾರೆ. ನಿನ್ನ ಮರ್ಯಾದೆ ಪ್ರಶ್ನೆ."